ಕತ್ತಿ ಹರಿತವಿರಲಿ, ಕೈ ಹಗುರವಿರಲಿ

ಬಲ್ಯ ಪೆರ್ನಾಲ್‌ಗೆ ಮುನ್ನ ದೊಡ್ಡ ಕತ್ತಿಗಳನ್ನು ಮನೆಯಲ್ಲೇ ಮಸೆಯುವವರು ಡೈಮಂಡ್ ಫೈಲ್ ಆರಿಸುವುದು ಹೇಗೆ?

ಕೆಲವು ವರ್ಷಗಳ ಹಿಂದಿನ ಬಲ್ಯ ಪೆರ್ನಾಲ್. ಈದ್ ನಮಾಝ್ ಮುಗಿಸಿ, ಖುತ್ಬಾ ಕೇಳಿ, ಅಂಗಿಯ ತೋಳು ಮಡಚಿಕೊಂಡು ನಾವು ನಾಲ್ಕೈದು ಮಂದಿ ಅಂಗಳದಲ್ಲಿ ಸೇರಿದ್ದೆವು. ತೆಂಗಿನ ಮರದ ಬುಡದಲ್ಲಿ ಆಡು ಕಟ್ಟಿತ್ತು. ಝಬಹ್ ಮಾಡಿಕೊಡಲು ಬಂದಿದ್ದ ಹಿರಿಯರನ್ನು ಊರಿನವರೆಲ್ಲ ಕರೆಯುವುದೇ ಕಾಕ ಎಂದು. ನಾವು ಕೊಟ್ಟ ಕತ್ತಿಯನ್ನು ಅವರು ಕೈಗೆತ್ತಿಕೊಂಡು ಅದರ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಹಿಂದಿನ ದಿನವಷ್ಟೇ ತಂದಿದ್ದ, ಪಳಪಳ ಹೊಳೆಯುವ ಕತ್ತಿ ಅದು.

"ಇದು ಆಗ್ಲಿಕ್ಕಿಲ್ಲ ಮೋನೆ."

"ಹೊಸತಲ್ವಾ ಕಾಕ?"

"ಹೊಸತೇ. ಆದ್ರೆ ಬಾಯಿ ಇಲ್ಲ. ಆಡನ್ನು ಆಚೆ ನೆರಳಲ್ಲಿ ಕಟ್ಟಿ, ಸ್ವಲ್ಪ ಸೊಪ್ಪು ಹಾಕಿ. ನಾನು ಇದನ್ನು ಮಸೆಯುವುದು ಅದಕ್ಕೆ ಕಾಣ್ಲಿಕ್ಕೆ ಬಾರದು."

ಹೀಗೆಂದವರು ಮನೆಯ ಹಿಂದಕ್ಕೆ ಹೋಗಿ, ಬಟ್ಟೆಯ ಚೀಲದಿಂದ ಗೇಣುದ್ದದ ಒಂದು ಚಪ್ಪಟೆ ಅರ ತೆಗೆದರು. ಅದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ ಮಸೆಯತೊಡಗಿದರು. ಹದಿನೈದು ನಿಮಿಷ ಹಿಡಿಯಿತು. ಆಮೇಲೆ ಹಳೆಯ ಪೇಪರಿನ ಹಾಳೆಯೊಂದನ್ನು ಎರಡು ಬೆರಳಲ್ಲಿ ತೂಗಾಡಿಸಿ ಹಿಡಿದು ಕತ್ತಿ ಎಳೆದರು. ಹಾಳೆ ಸದ್ದಿಲ್ಲದೆ ಎರಡಾಯಿತು. "ಈಗ ಆಡನ್ನು ತನ್ನಿ" ಎಂದರು. ಅಲ್ಲಿಂದ ಮುಂದಿನದ್ದು ಕೆಲವೇ ಕ್ಷಣಗಳಲ್ಲಿ ಮುಗಿಯಿತು. ಹೊಸ ಕತ್ತಿಯೆಂದು ನಂಬಿ ನಾವೇ ಶುರು ಮಾಡಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಯೋಚಿಸಿದಾಗ ನಾಚಿಕೆಯಾಯಿತು.

ಇದು ಆ ಅರದ ಬಗ್ಗೆ ಬರೆದ ಲೇಖನ. ಆಚಾರಿಗಳ ಮಾತಿನಲ್ಲಿ ಅರ, ಹಾರ್ಡ್‌ವೇರ್ ಅಂಗಡಿಯಲ್ಲಿ ಡೈಮಂಡ್ ಫೈಲ್. ಈಗ ಎಲ್ಲ ಕಡೆ ಸಿಗುತ್ತದೆ. ಗಲ್ಫ್‌ನಿಂದ ಬರುವವರೂ ಟಾರ್ಚು, ಸ್ಪ್ಯಾನರ್ ಸೆಟ್ಟಿನ ಜೊತೆ ಇದನ್ನು ತರುವುದುಂಟು. ಆದರೆ ಯಾವುದನ್ನು ಕೊಳ್ಳಬೇಕು, ಹೇಗೆ ಹಿಡಿಯಬೇಕು ಎಂದು ತಿಳಿಯದೆ ಅರವನ್ನೂ ಕತ್ತಿಯನ್ನೂ ಹಾಳು ಮಾಡಿಕೊಂಡವರೇ ಹೆಚ್ಚು.

ಹರಿತ ಎಂಬುದು ಆಡಿನ ಹಕ್ಕು

ನಮ್ಮಲ್ಲಿ ಆಡಿನ ಪ್ರಾಯ ನೋಡುತ್ತೇವೆ. ಕಿವಿ ಹರಿದಿದೆಯೋ, ಕಣ್ಣು ಸರಿ ಇದೆಯೋ, ಕುಂಟುತ್ತದೋ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಅದು ಬೇಕಾದದ್ದೇ. ಆದರೆ ಅದೇ ಆಡಿನ ಕುತ್ತಿಗೆಗೆ ತಾಗುವ ಕತ್ತಿಯನ್ನು ನೋಡುವುದು ಹೆಚ್ಚಾಗಿ ಪೆರ್ನಾಲ್ ದಿನ ಬೆಳಗ್ಗೆ, ಹನ್ನೊಂದನೇ ಗಳಿಗೆಯಲ್ಲಿ.

ಎಲ್ಲ ವಿಷಯದಲ್ಲೂ ಒಳಿತನ್ನೇ ಮಾಡಬೇಕೆಂದು ಅಲ್ಲಾಹನು ವಿಧಿಸಿದ್ದಾನೆ, ಆದ್ದರಿಂದ ಝಬಹ್ ಮಾಡುವಾಗಲೂ ಒಳ್ಳೆಯ ರೀತಿಯಲ್ಲಿ ಮಾಡಬೇಕು, ಕತ್ತಿಯನ್ನು ಹರಿತಗೊಳಿಸಿ ಪ್ರಾಣಿಗೆ ನಿರಾಳ ನೀಡಬೇಕು. ಇದು ಶದ್ದಾದ್ ಇಬ್ನು ಔಸ್(ರ) ವರದಿ ಮಾಡಿದ, ಸಹೀಹ್ ಮುಸ್ಲಿಂನಲ್ಲಿರುವ ಹದೀಸ್‌ನ ಸಾರ. ಪ್ರಾಣಿಯ ಕಣ್ಣೆದುರಲ್ಲೇ ಕತ್ತಿ ಮಸೆಯುವುದನ್ನೂ ಪ್ರವಾದಿ(ಸ) ಮೆಚ್ಚಲಿಲ್ಲ. ಕಾಕ ಮನೆಯ ಹಿಂದಕ್ಕೆ ಹೋದದ್ದು ಅದಕ್ಕೇ.

ಇದು ದಯೆಯ ಮಾತು ಮಾತ್ರ ಅಲ್ಲ, ಕರ್ಮಶಾಸ್ತ್ರದ ಮಾತೂ ಹೌದು. ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಓದಿಸುವ, ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಬರೆದ ಶಾಫಿಈ ಗ್ರಂಥ 'ಫತ್‌ಹುಲ್ ಮುಈನ್'ನಲ್ಲಿ ಮೊಂಡು ಕತ್ತಿಯ ವಿಚಾರ ಬರುತ್ತದೆ. ಮೊಂಡು ಕತ್ತಿಯಿಂದ ಮಾಡಿದ ಝಬಹ್ ಹಲಾಲ್ ಆಗಬೇಕಾದರೆ ಷರತ್ತುಗಳಿವೆ. ಕೊಯ್ಯುವವನ ಕೈಬಲದ ಮೇಲೆ ಕೊಯ್ತ ನಿಂತಿರಬಾರದು. ಪ್ರಾಣಿ ಕೊನೆಯ ಸ್ಥಿತಿಗೆ ತಲುಪುವ ಮೊದಲೇ ಶ್ವಾಸನಾಳ, ಅನ್ನನಾಳ ಎರಡೂ ಪೂರ್ತಿ ಕತ್ತರಿಸಿರಬೇಕು. ಅಂದರೆ ಕೊಯ್ಯಬೇಕಾದದ್ದು ಕತ್ತಿ, ಒತ್ತುವ ಕೈ ಅಲ್ಲ. ಇದರ ವಿವರವನ್ನು ನಿಮ್ಮ ಮಹಲ್ಲಿನ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ. ಇಲ್ಲಿ ಹೇಳಹೊರಟದ್ದು ಇಷ್ಟೇ: ಕತ್ತಿ ಮೊಂಡಾದರೆ ನೋವು ಆಡಿಗೆ, ಸಂಶಯ ನಮಗೆ.

ಅರ ಯಾಕೆ, ಕಲ್ಲು ಸಾಲದೇ?

ಕಲ್ಲು ಸಾಲುತ್ತದೆ, ಮಸೆಯಲು ಗೊತ್ತಿದ್ದರೆ. ನಮ್ಮ ಹಿರಿಯರು ಬೆಣಚುಕಲ್ಲಿನ ಪುಡಿಯನ್ನು ಮರದ ತುಂಡಿನ ಮೇಲೆ ಉದುರಿಸಿ ಕತ್ತಿ ಉಜ್ಜುತ್ತಿದ್ದರು. ಬೆಣಚು ಗಟ್ಟಿ, ಉಕ್ಕನ್ನು ಸವೆಸುತ್ತದೆ. ಗಟ್ಟಿತನದ ಹತ್ತರ ಮಾಪಕದಲ್ಲಿ ಬೆಣಚು 7, ವಜ್ರ 10. ತತ್ವ ಎರಡರಲ್ಲೂ ಒಂದೇ. ವಜ್ರ ಬೇಗ ಕೆಲಸ ಮಾಡುತ್ತದೆ, ಯಾವ ಉಕ್ಕಿಗೂ ಹಿಂಜರಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ದೊಡ್ಡ ಕತ್ತಿಗೆ ಅರ ಅನುಕೂಲವಾಗುವುದಕ್ಕೆ ಇನ್ನೊಂದು ಕಾರಣ ಉಂಟು. ಕಲ್ಲಿನಲ್ಲಿ ಮಸೆಯುವಾಗ ಕಲ್ಲು ನಿಂತಿರುತ್ತದೆ, ಕತ್ತಿ ಓಡುತ್ತದೆ. ಸಣ್ಣ ಚೂರಿಗೆ ಅದು ಸುಲಭ. ಒಂದಡಿಗಿಂತ ಉದ್ದದ, ತೂಕದ ಕತ್ತಿಯನ್ನು ಅಂಗೈಯಗಲದ ಕಲ್ಲಿನ ಮೇಲೆ ಒಂದೇ ಕೋನದಲ್ಲಿ ಓಡಿಸುವುದು ಕಷ್ಟ. ತುದಿಯ ಹತ್ತಿರ ಬರುವಾಗ ಕೈ ವಾಲುತ್ತದೆ. ಅರದಲ್ಲಿ ಇದು ತಿರುಗುಮುರುಗು. ಕತ್ತಿ ಅಲ್ಲಾಡದೆ ಮಲಗಿರುತ್ತದೆ, ಹಗುರವಾದ ಅರ ಓಡುತ್ತದೆ. ಮಸೆಯುವ ಜಾಗ ಕಣ್ಣಿಗೆ ಕಾಣುತ್ತಿರುತ್ತದೆ.

ಕಮ್ಮಾರರ ಮಾಮೂಲಿ ಉಕ್ಕಿನ ಅರ ಆಗದೇ ಎಂದು ಕೇಳಬಹುದು. ತೋಟದ ಕತ್ತಿಗೆ, ಅಂದರೆ ಲಾರಿಯ ಪ್ಲೇಟ್ ಕಾಯಿಸಿ ಬಡಿದು ಮೆದುವಾಗಿ ಹದ ಹಾಕಿದ ಕತ್ತಿಗೆ, ಆಗುತ್ತದೆ. ಗಟ್ಟಿ ಹದದ ಮಾಂಸದ ಕತ್ತಿಗಳ ಮೇಲೆ ಅದು ಜಾರುತ್ತದೆ, ಹಲ್ಲು ಸವೆಯುತ್ತದೆ. ಸೈಕಲ್‌ನಲ್ಲಿ ಬರುವ ಸಾಣೆಯವರ ಕೆಲಸ ಚೆನ್ನಾಗಿರುತ್ತದೆ, ಆದರೆ ಪೆರ್ನಾಲ್‌ನ ಹಿಂದಿನ ದಿನ ಅವರಿಗೂ ಕೈ ಬಿಡುವಿಲ್ಲ. ಕರೆಂಟಿನ ಗ್ರೈಂಡರ್‌ಗೆ ಕೊಟ್ಟರೆ ಬಿಸಿಯ ಅಪಾಯ. ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬಂದರೆ ಬಿಸಿ ಸುಮಾರು 220 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದರ್ಥ. ನೀಲಿ ಬಂದರೆ 300ರ ಆಸುಪಾಸು. ಅಷ್ಟು ಕಾದ ಅಂಚಿನ ಹದ ಇಳಿದಿರುತ್ತದೆ. ಆ ಕತ್ತಿ ಮೊದಲ ಆಡಿಗೆ ಹರಿತ, ಎರಡನೆಯದಕ್ಕೆ ಮೊಂಡು.

ವಜ್ರ ಅಂದರೆ ಚಿನ್ನದಂಗಡಿಯ ವಜ್ರವಲ್ಲ

ಡೈಮಂಡ್ ಫೈಲ್ ಅಂದಾಗ ನನ್ನ ಉಮ್ಮ ಕೇಳಿದ ಮೊದಲ ಪ್ರಶ್ನೆ, "ಅದಕ್ಕೆ ಎಷ್ಟು ಪವನಿನ ದುಡ್ಡು ಬೇಕು?" ಹೆದರಬೇಕಾಗಿಲ್ಲ. ಇದು ಕಾರ್ಖಾನೆಯಲ್ಲಿ ತಯಾರಾದ ವಜ್ರದ ಹುಡಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ ಕೃತಕ ವಜ್ರ ತಯಾರಿಸಿದ್ದನ್ನು 1955ರಲ್ಲಿ ಪ್ರಕಟಿಸಿತು. ಆಮೇಲೆ ವಜ್ರ ಒಡವೆಯ ಪೆಟ್ಟಿಗೆಯಿಂದ ಕಾರ್ಖಾನೆಗೂ ಬಂತು.

ಉಕ್ಕಿನ ಪಟ್ಟಿಯ ಮೇಲೆ ಈ ಹುಡಿಯನ್ನು ಹರಡಿ, ಮೇಲಿಂದ ನಿಕ್ಕಲ್ ಲೇಪ ಕಟ್ಟಿ ಹಿಡಿಸಿರುತ್ತಾರೆ. ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿರಲಿ. ವಜ್ರ ಇರುವುದು ಒಂದೇ ಪದರ. ಮಸೆಗಲ್ಲು ಸವೆದರೆ ಅಡಿಯಿಂದ ಹೊಸ ಕಲ್ಲು ಮೇಲೆ ಬರುತ್ತದೆ. ಅರದಲ್ಲಿ ಹಾಗಿಲ್ಲ. ಜೋರಾಗಿ ಒತ್ತಿದರೆ ವಜ್ರದ ಕಣ ನಿಕ್ಕಲ್‌ನಿಂದ ಕಿತ್ತು ಹೋಗುತ್ತದೆ. ಹೋದದ್ದು ಹೋಯಿತು, ಅಡಿಯಲ್ಲಿ ಬರೀ ಉಕ್ಕು. "ಡೈಮಂಡ್ ಫೈಲ್ ಎರಡೇ ತಿಂಗಳಲ್ಲಿ ನುಣ್ಣಗಾಯ್ತು ಮಾರಾಯ್ರೆ" ಎನ್ನುವವರು ಹೆಚ್ಚಾಗಿ ಒತ್ತಿ ಮಸೆದವರು. ಹಳೆಯ ಅರದ ಅಭ್ಯಾಸದಲ್ಲಿ ಭುಜದ ಬಲ ಹಾಕುತ್ತೇವೆ. ಇಲ್ಲಿ ಅರದ ಸ್ವಂತ ಭಾರವೇ ಸಾಕು.

ಅಂಗಡಿಯಲ್ಲಿ ಏನು ನೋಡಬೇಕು?

ಮೊದಲು ಆಕಾರ. ಬಡಗಿಗಳು, ಚಿನ್ನದ ಕೆಲಸದವರು ಬಳಸುವ, ಕಡ್ಡಿಯಷ್ಟು ತೆಳ್ಳಗಿನ ಹತ್ತು ಅರಗಳ ಪೊಟ್ಟಣ ಅಗ್ಗಕ್ಕೆ ಸಿಗುತ್ತದೆ. ಅದು ನಮ್ಮ ಕೆಲಸಕ್ಕಲ್ಲ. ಕತ್ತಿಗೆ ಬೇಕಾದದ್ದು ಚಪ್ಪಟೆ ಅರ. ವಜ್ರದ ಭಾಗವೇ ಸುಮಾರು 15 ಸೆಂ.ಮೀ. ಉದ್ದ, ಎರಡು ಎರಡೂವರೆ ಸೆಂ.ಮೀ. ಅಗಲ ಇರಲಿ. 7-8 ಸೆಂ.ಮೀ.ನ ಕಿರು ಅರದಿಂದ ದೊಡ್ಡ ಕತ್ತಿ ಮಸೆದರೆ ಎರಡು ತೊಂದರೆ. ಬಾಯಿ ನೇರವಾಗದೆ ಅಲೆ ಅಲೆಯಾಗುತ್ತದೆ, ಮತ್ತು ನಿಮ್ಮ ಬೆರಳು ಅಂಚಿಗೆ ತೀರಾ ಹತ್ತಿರ ಬರುತ್ತದೆ.

ಎರಡನೆಯದು ಹಿಡಿ. ಮುಷ್ಟಿ ತುಂಬುವಷ್ಟು ಇರಬೇಕು, ಒದ್ದೆ ಕೈಯಲ್ಲಿ ಜಾರಬಾರದು. ಬೆರಳಿಗೆ ಅಡ್ಡ ಕಟ್ಟೆ ಇರುವ ಹಿಡಿ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಚಿಟ್ಟೆಯ ರೆಕ್ಕೆಯ ಹಾಗೆ ಮಡಚುವ ಹಿಡಿಯ ಅರಗಳೂ ಇವೆ. ಮಡಚಿದರೆ ವಜ್ರದ ಪಟ್ಟಿ ಒಳಗೆ ಸೇರುತ್ತದೆ, ಕಿಸೆಗೆ ಹಾಕಿಕೊಂಡು ಹೋಗುವವರಿಗೆ ಒಳ್ಳೆಯದು. ಆದರೆ ಬಿಡಿಸಿ ಹಿಡಿದಾಗ ಅದು ಗದಗದ ಅಲ್ಲಾಡುವಂತಿದ್ದರೆ ಬೇಡ.

ಮೂರನೆಯದು ನೇರತನ. ಅರದ ಮೇಲೆ ಸ್ಟೀಲ್ ಸ್ಕೇಲಿನ ಅಂಚು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ನುಸುಳಿದರೆ ಪಟ್ಟಿ ಬಾಗಿದೆ. ತಗಡಿನಷ್ಟು ತೆಳು ಪಟ್ಟಿಯನ್ನು ಪ್ಲಾಸ್ಟಿಕ್‌ಗೆ ಅಂಟಿಸಿದ ಅರಗಳಲ್ಲಿ ಇದು ಸಾಮಾನ್ಯ. ಮೈ ಎಲ್ಲ ಕಡೆ ಒಂದೇ ಬಣ್ಣ, ಒಂದೇ ತರಿತರಿ ಇರಲಿ. ಅಲ್ಲಲ್ಲಿ ಹೊಳೆಯುವ ಬೋಳು ಜಾಗ ಕಂಡರೆ ಅಲ್ಲಿ ವಜ್ರ ಕೂತಿಲ್ಲ.

ನಾಲ್ಕನೆಯದು, ತೂತಿನದ್ದೋ ತುಂಬಿದ್ದೋ? ಕೆಲವು ಅರಗಳ ಮೈಯಲ್ಲಿ ಸಾಲು ಸಾಲು ತೂತುಗಳಿರುತ್ತವೆ. ಸವೆದ ಉಕ್ಕಿನ ಹುಡಿ ಅವುಗಳಲ್ಲಿ ಸೇರಿ ಮೇಲ್ಮೈ ಕಟ್ಟಿಕೊಳ್ಳುವುದಿಲ್ಲ. ಉದ್ದ ಅಂಚಿಗೆ ಅದು ಸರಿಯೇ. ಆದರೆ ಕತ್ತಿಯ ಚೂಪು ತುದಿ ತೂತಿನೊಳಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಅರ ಕೊಳ್ಳುವವರಿಗೆ ತೂತಿಲ್ಲದ ಮೈಯದ್ದೇ ಒಳ್ಳೆಯದು.

ಇನ್ನು ಮುಖ್ಯವಾದ ನಂಬರ್. 200, 400, 600, 1000 ಎಂದು ಬರೆದಿರುವುದು ಜರಡಿಯ ಲೆಕ್ಕ. ಒಂದು ಇಂಚಿನಲ್ಲಿ ಎಷ್ಟು ಕಣ್ಣುಗಳಿರುವ ಜರಡಿ ಎಂಬ ಲೆಕ್ಕದಿಂದ ಬಂದದ್ದು. ನಂಬರ್ ದೊಡ್ಡದಾದಷ್ಟು ಹುಡಿ ಸಣ್ಣ. ಕಂಪೆನಿಯಿಂದ ಕಂಪೆನಿಗೆ ಈ ನಂಬರ್ ತಾಳೆಯಾಗುವುದಿಲ್ಲ. ಪೊಟ್ಟಣದ ಮೇಲೆ ಮೈಕ್ರಾನ್ ಬರೆದಿದ್ದರೆ ಅದನ್ನೇ ನಂಬಿ. ಅಮೆರಿಕದ ಡಿಎಂಟಿ ಕಂಪೆನಿ ಬಣ್ಣದಿಂದ ಗುರುತು ಮಾಡುತ್ತದೆ: ಕಪ್ಪು ಅಂದರೆ 220 ಮೆಶ್, 60 ಮೈಕ್ರಾನ್. ನೀಲಿ 325 ಮೆಶ್, 45 ಮೈಕ್ರಾನ್. ಕೆಂಪು 600 ಮೆಶ್, 25 ಮೈಕ್ರಾನ್. ಹಸಿರು 1200 ಮೆಶ್, 9 ಮೈಕ್ರಾನ್. ಬೇರೆ ಕಂಪೆನಿಯ ಅರವನ್ನು ಅಳೆಯಲೂ ಈ ಲೆಕ್ಕ ಸಹಾಯಕ್ಕೆ ಬರುತ್ತದೆ.

ಯಾವ ಕತ್ತಿಗೆ ಯಾವುದು?

ಹೆಚ್ಚಿನವರು ಮಾಡುವ ತಪ್ಪು, ನುಣುಪಾದಷ್ಟು ಹರಿತ ಎಂದು ತಿಳಿದು ಎಲ್ಲಕ್ಕಿಂತ ದೊಡ್ಡ ನಂಬರ್ ಕೊಳ್ಳುವುದು. ಮೊಂಡಾದ ದೊಡ್ಡ ಕತ್ತಿಯನ್ನು 1200ರಲ್ಲಿ ಮಸೆಯಲು ಹೊರಟರೆ ಮಗ್ರಿಬ್ ಬಾಂಗ್ ಆದರೂ ಮುಗಿಯುವುದಿಲ್ಲ. ಬೇಸತ್ತು ಒತ್ತಲು ಶುರು ಮಾಡುತ್ತೀರಿ, ಅಲ್ಲಿಗೆ ಅರವೂ ಹೋಯಿತು.

ಎಲುಬು ಕಡಿಯುವ ಭಾರದ ಕತ್ತಿಗೆ 325 ಅಥವಾ 400 ಸಾಕು. ಅದು ಕೊಯ್ಯುವುದಲ್ಲ, ಕಡಿಯುವುದು. ಬಾಯಿ ತೀರಾ ತೆಳುವಾದರೆ ಎಲುಬಿಗೆ ತಾಗಿ ಚಕ್ಕೆ ಏಳುತ್ತದೆ. ಚರ್ಮ ಸುಲಿಯುವ, ಮಾಂಸ ಬಿಡಿಸುವ ಚೂರಿಗೆ 600ಕ್ಕೆ ನಿಲ್ಲಿಸಿದರೆ ಒಳ್ಳೆಯದು. ಕಣ್ಣಿಗೆ ಕಾಣದ ಸಣ್ಣ ಹಲ್ಲುಗಳು ಚರ್ಮವನ್ನು ಚೆನ್ನಾಗಿ ಹಿಡಿಯುತ್ತವೆ. ಝಬಹ್‌ನ ಕತ್ತಿಯನ್ನು ಮಾತ್ರ 600ರ ನಂತರ 1000 ಅಥವಾ 1200ರಲ್ಲಿ ಮುಗಿಸಿ, ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ನಾಲ್ಕು ಸಲ ಸವರಿ. ಅದರ ಬಾಯಿಯಲ್ಲಿ ಒಂದೇ ಒಂದು ಕಚ್ಚು ಇರಬಾರದು. ಕಚ್ಚು ಇದ್ದರೆ ಅದು ಕೊಯ್ಯುವುದಿಲ್ಲ, ಹರಿಯುತ್ತದೆ. ಕಚ್ಚು ಕಂಡ ಕತ್ತಿಯನ್ನು 200ರ ಆಸುಪಾಸಿನ ಅರದಿಂದಲೇ ಶುರು ಮಾಡಬೇಕು.

ಒಟ್ಟಿನಲ್ಲಿ ಒಂದು ಮನೆಗೆ ಎರಡು ಅರ ಸಾಕು: 325-400ರ ಒಂದು, 600ರ ಒಂದು. ಝಬಹ್ ಮಾಡುವವರು ಮಾತ್ರ 1000-1200ರ ಇನ್ನೊಂದನ್ನು ಇಟ್ಟುಕೊಳ್ಳಲಿ. ತುದಿ ಒಳಕ್ಕೆ ಬಾಗಿದ ತೋಟದ ಕತ್ತಿ ಇದ್ದರೆ ಅಗಲದ ಅರ ಆ ಬಾಗಿನೊಳಗೆ ಕೂರುವುದಿಲ್ಲ. ಅದಕ್ಕೆ ಒಂದು ಬದಿ ದುಂಡಗಿರುವ ಅರ ಬೇಕು.

ಕತ್ತಿಯ ಉದ್ದದ ಬಗ್ಗೆಯೂ ಒಂದು ಮಾತು. ಪ್ರಾಣಿಗಳ ವರ್ತನೆ ಮತ್ತು ಕಸಾಯಿಖಾನೆಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರ ಸಲಹೆ, ಕತ್ತಿಯ ಅಲಗು ಪ್ರಾಣಿಯ ಕುತ್ತಿಗೆಯ ಅಗಲದ ಎರಡು ಪಟ್ಟಾದರೂ ಉದ್ದ ಇರಬೇಕು ಎಂಬುದು. ಕತ್ತಿ ಗಿಡ್ಡವಾದರೆ ಅದರ ತುದಿ ಗಾಯದೊಳಗೆ ಚುಚ್ಚುತ್ತದೆ. ಅಡುಗೆಮನೆಯ ತರಕಾರಿ ಚೂರಿ ಎಷ್ಟೇ ಹರಿತವಿದ್ದರೂ ಆಡಿನ ಕುತ್ತಿಗೆಗೆ ತರಬೇಡಿ.

ಮಸೆಯುವ ಬಗೆ

ಹೊಸ ಅರವನ್ನು ನೇರ ಒಳ್ಳೆಯ ಕತ್ತಿಗೆ ಹಚ್ಚಬೇಡಿ. ಮೊದಮೊದಲು ಅದು ಆಳ ಗೀರು ಹಾಕುತ್ತದೆ. ಸಡಿಲ ಕೂತ ಕಣಗಳು ಉದುರುವ ತನಕ ಯಾವುದಾದರೂ ಹಳೆಯ ಕತ್ತಿಯ ಮೇಲೆ ಓಡಿಸಿ.

ಗಟ್ಟಿ ಹಲಗೆಯ ಮೇಲೆ ಒದ್ದೆ ಗೋಣಿ ಹಾಸಿ, ಅದರ ಮೇಲೆ ಕತ್ತಿ ಮಲಗಿಸಿ. ಕತ್ತಿಯ ಬಾಯಿ ನಿಮ್ಮಿಂದ ಆಚೆ ನೋಡುತ್ತಿರಲಿ, ಹಲಗೆಯ ಅಂಚಿನಿಂದ ಸ್ವಲ್ಪ ಹೊರಗೆ ಚಾಚಿರಲಿ. ಬಡಗಿಯ ಕ್ಲಾಂಪ್ ಇದ್ದರೆ ಕತ್ತಿಯನ್ನು ಹಲಗೆಗೆ ಬಿಗಿಯಿರಿ. ಇಲ್ಲದಿದ್ದರೆ ಎಡಗೈಯಲ್ಲಿ ಹಿಡಿಯನ್ನು ಒತ್ತಿ ಹಿಡಿಯಿರಿ, ಆ ಕೈಗೆ ದಪ್ಪದ ಗ್ಲೌಸ್ ಹಾಕಿ. ಅರವನ್ನು ಕತ್ತಿಯ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ, ನಿಮ್ಮಿಂದ ಆಚೆಗೆ ತಳ್ಳಿ. ವಾಪಸ್ ತರುವಾಗ ಎತ್ತಿ ತನ್ನಿ, ಉಜ್ಜಿಕೊಂಡು ತರಬೇಡಿ. ಅಂಚಿನ ಕಡೆಯಿಂದ ನಿಮ್ಮತ್ತ ಎಳೆದರೆ ಕೈ ಜಾರಿದಾಗ ಬೆರಳು ಹೋಗುತ್ತದೆ.

ಕೋನ ಹೇಗೆ ಹಿಡಿಯುವುದು? ಪ್ರೊಟ್ರಾಕ್ಟರ್ ಬೇಡ. 15 ಸೆಂ.ಮೀ. ಅರದ ಮುಂದಿನ ತುದಿ ಕತ್ತಿಯ ಬಾಯಿಗೆ ತಾಗಿದಾಗ, ಹಿಡಿಯ ಬದಿಯ ತುದಿ ಕತ್ತಿಯ ಮೈಯಿಂದ 5 ಸೆಂ.ಮೀ. ಮೇಲೆ ಇದ್ದರೆ ಅದು 20 ಡಿಗ್ರಿ. ಸುಮಾರು ಮೂರು ಬೆರಳಿನ ಅಗಲ. ಝಬಹ್‌ನ ಕತ್ತಿಗೆ, ಮಾಂಸದ ಚೂರಿಗೆ ಇದು ಸರಿ. 6 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಎತ್ತಿದರೆ 25 ಡಿಗ್ರಿ, ತೋಟದ ಕತ್ತಿಗೆ ಸಾಕು. ಏಳೂವರೆ ಎತ್ತಿದರೆ 30, ಅದು ಎಲುಬು ಕಡಿಯುವ ಕತ್ತಿಗೆ. ಕೈ ಸರಿ ಹೋಗುತ್ತಿದೆಯೋ ಎಂದು ತಿಳಿಯಲು ಬಾಯಿಯುದ್ದಕ್ಕೂ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ನಾಲ್ಕು ಸಲ ಅರ ಓಡಿಸಿ ನೋಡಿ. ಅಂಚಿನ ತುದಿಯ ತನಕ ಬಣ್ಣ ಹೋಗಿದ್ದರೆ ಕೋನ ಸರಿ. ಮೇಲ್ಗಡೆ ಮಾತ್ರ ಹೋಗಿದ್ದರೆ ಹಿಡಿಯನ್ನು ಸ್ವಲ್ಪ ಎತ್ತಬೇಕು. ಕೆಲವು ಕತ್ತಿಗಳಿಗೆ ಒಂದೇ ಬದಿಯಲ್ಲಿ ಇಳಿಜಾರು ಇರುತ್ತದೆ. ಅಂಥದ್ದನ್ನು ಆ ಬದಿಯಲ್ಲಿ ಮಾತ್ರ ಮಸೆಯಿರಿ.

ಹಿಡಿಯ ಬುಡದಿಂದ ತುದಿಯ ತನಕ ಒಂದೇ ಸಮನೆ ಹೋಗಿ. ಒಂದು ಬದಿ ಸಾಕಷ್ಟು ಮಸೆದಾಗ ಇನ್ನೊಂದು ಬದಿಯಲ್ಲಿ ಉಕ್ಕಿನ ತೆಳು ಅಂಚು ಮಡಚಿಕೊಂಡು ಏಳುತ್ತದೆ. ಕೆಲಸದವರು ಅದಕ್ಕೆ ಬರ್ ಎನ್ನುತ್ತಾರೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಸವರಿದರೆ ಒರಟಾಗಿ ತಾಗುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ! ಬರ್ ಉದ್ದಕ್ಕೂ ಬಂದ ಮೇಲೆ ಕತ್ತಿ ಮಗುಚಿ ಇನ್ನೊಂದು ಬದಿ ಮಸೆಯಿರಿ. ಬರ್ ಬಾರದೆ ನಂಬರ್ ಬದಲಿಸಿದರೆ ಕೆಲಸ ಅರ್ಧವೇ. ಕೊನೆಗೆ ಸಣ್ಣ ಹುಡಿಯ ಅರದಲ್ಲಿ ಆ ಬದಿಗೊಮ್ಮೆ ಈ ಬದಿಗೊಮ್ಮೆ, ಗಾಳಿಯಷ್ಟು ಹಗುರವಾಗಿ ಓಡಿಸಿ ಬರ್ ತೆಗೆಯಿರಿ.

ಎಣ್ಣೆ ಬೇಡ, ನೀರು ಸಾಕು. ಎಣ್ಣೆ ಹುಡಿಯನ್ನು ಕಟ್ಟಿ ಹಿಡಿಯುತ್ತದೆ, ಮಾಂಸಕ್ಕೂ ಅಂಟುತ್ತದೆ. ಕೆಲಸ ಮುಗಿದ ಮೇಲೆ ಸೋಪು, ಹಳೆಯ ಟೂತ್‌ಬ್ರಶ್ ಹಾಕಿ ಅರವನ್ನು ತೊಳೆದು, ಒರೆಸಿ, ಒಣಗಿಸಿ ಇಡಿ. ನಮ್ಮ ಮಳೆಗಾಲದ ಹವೆಗೆ ಒದ್ದೆಯಾಗಿ ಬಿಟ್ಟ ಅರ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು.

ಕೈಯ ರೋಮದಲ್ಲಿ ಪರೀಕ್ಷೆ ಬೇಡ

ಕತ್ತಿ ಹರಿತವಾಯಿತೇ ಎಂದು ನೋಡಲು ಹುಡುಗರು ಮಾಡುವುದು ಮುಂಗೈಯ ರೋಮ ಬೋಳಿಸುವುದು. ಇಲ್ಲಿ ಒಂದು ಮರೆತುಹೋಗುವ ಸಂಗತಿ ಉಂಟು. ಉಳ್‌ಹಿಯ್ಯತ್ ಕೊಡುವ ಉದ್ದೇಶ ಇರುವವರು ದುಲ್‌ಹಜ್ಜ್ ಚಂದ್ರ ಕಂಡಂದಿನಿಂದ ಝಬಹ್ ಆಗುವ ತನಕ ಕೂದಲು, ಉಗುರು ತೆಗೆಯದಿರುವುದು ಸುನ್ನತ್. ಕತ್ತಿಯ ಪರೀಕ್ಷೆಗೆಂದು ಮುಂಗೈ ಬೋಳಿಸಿಕೊಂಡರೆ ಆ ಸುನ್ನತ್ ಅಲ್ಲಿಗೆ ತಪ್ಪಿತು. ಉಗುರಿನ ಮೇಲೆ ಹೆರೆದು ನೋಡುವುದೂ ಬೇಡ.

ಕಾಕ ಮಾಡಿದ ಕಾಗದದ ಪರೀಕ್ಷೆಯೇ ಸಾಕು. ಗ್ರ್ಯಾಂಡಿನ್ ಕಸಾಯಿಖಾನೆಯವರಿಗೆ ಹೇಳುವುದೂ ಅದೇ ಪರೀಕ್ಷೆಯನ್ನೇ. ಪ್ರಿಂಟರ್ ಕಾಗದವನ್ನು ಎರಡು ಬೆರಳಲ್ಲಿ ನೇತಾಡಿಸಿ ಹಿಡಿದು, ಒಣ ಕತ್ತಿಯಿಂದ ಕೊಯ್ಯಬೇಕು. ಹಿಡಿಯ ಬುಡದಿಂದ ತುದಿಯ ತನಕ ಪೂರ್ತಿ ಅಲಗಿನಿಂದ ಕೊಯ್ದು ನೋಡಿ. ಎಲ್ಲಿ ಕಾಗದ ಸಿಕ್ಕಿಕೊಂಡು ಹರಿಯುತ್ತದೋ ಅಲ್ಲಿ ಕಚ್ಚು ಅಥವಾ ಬರ್ ಉಳಿದಿದೆ. ಇನ್ನೊಂದು ಪರೀಕ್ಷೆ ಬೆಳಕಿನದು. ಬಾಯಿಯನ್ನು ಮೇಲೆ ಮಾಡಿ ಬಿಸಿಲಿಗೆ ಹಿಡಿದರೆ, ಮೊಂಡಾದ ಜಾಗ ಬಿಳಿ ಗೆರೆಯಾಗಿ ಮಿನುಗುತ್ತದೆ. ಹರಿತವಾದ ಅಂಚು ಕಾಣುವುದೇ ಇಲ್ಲ. ನಮ್ಮ ಹೊಸ ಕತ್ತಿಯಲ್ಲಿ ಕಾಕನಿಗೆ ಕಂಡದ್ದು ಆ ಬಿಳಿ ಗೆರೆ.

ಒಂದರ ನಂತರ ಒಂದು ಆಡು ಇರುವ ಕಡೆ ಕತ್ತಿ ನಡುವೆ ಮೊಂಡಾಗುತ್ತದೆ. ಪ್ರತಿ ಆಡಿಗೂ ಮೊದಲು ಕಾಗದ ಹಿಡಿದು ನೋಡಿ. ತಡವರಿಸಿದರೆ ಕತ್ತಿ ತೊಳೆದು, ಆಡುಗಳ ಕಣ್ಣಿಗೆ ಬೀಳದ ಕಡೆ ಹೋಗಿ, ಸಣ್ಣ ಹುಡಿಯ ಅರದಿಂದ ಎರಡೂ ಬದಿಗೆ ನಾಲ್ಕೈದು ಸಲ ಸವರಿ ಬನ್ನಿ. ಚೀಲದಲ್ಲಿ ಒಯ್ಯಬಹುದಾದ ಅರದ ನಿಜವಾದ ಉಪಕಾರ ಇದು. ರಕ್ತ ತಾಗಿದ ಅರವನ್ನು ನಜಸ್ ಹೋಗುವಂತೆ ತೊಳೆದೇ ಒಳಗಿಡಿ. ಒಟ್ಟಾಗಿ ಉಳ್‌ಹಿಯ್ಯತ್ ನಡೆಸುವ ಜಮಾಅತ್‌ಗಳು ಮೂರು ಅರ, ಒಂದು ಕ್ಲಾಂಪ್ ತೆಗೆದಿಟ್ಟು, ಮಸೆಯಲು ಬಲ್ಲ ಒಬ್ಬರಿಗೆ ಆ ಕೆಲಸ ಮಾತ್ರ ವಹಿಸಿದರೆ ಅಂದಿನ ಎಲ್ಲ ಆಡುಗಳಿಗೂ ಉಪಕಾರ.

ಪೆರ್ನಾಲ್ ಮುಗಿದ ಮೇಲೆ ಅರವನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ. ಮನೆಯ ಮೆಟ್ಟುಕತ್ತಿಯನ್ನು ಕಲ್ಲಿಗೆ ಒಯ್ಯುವ ಹಾಗಿಲ್ಲ, ಅಲಗು ಮಣೆಗೆ ಸೇರಿಕೊಂಡಿರುತ್ತದೆ. ಮಣೆಯನ್ನು ಯಾರಾದರೂ ಗಟ್ಟಿಯಾಗಿ ಹಿಡಿದರೆ 600ರ ಅರ ಐದು ನಿಮಿಷದಲ್ಲಿ ಅದರ ಬಾಯಿ ತರುತ್ತದೆ. ಮೊಂಡು ಮೆಟ್ಟುಕತ್ತಿಯಲ್ಲಿ ಬಂಗುಡೆ ಕೊಯ್ದು ಬೆರಳು ಕೊಯ್ದುಕೊಂಡ ಉಮ್ಮಂದಿರಿಗೆ ಗೊತ್ತು, ಹೆಚ್ಚು ಒತ್ತಬೇಕಾದ ಕತ್ತಿಯೇ ಹೆಚ್ಚು ಜಾರುತ್ತದೆ. ಇನ್ನು ಗಲ್ಫ್‌ನಿಂದ ಅರ ತರುವವರು ಅದನ್ನು ಕೈಚೀಲದಲ್ಲಿ ಇಡಬೇಡಿ, ಲಗೇಜಿನಲ್ಲಿ ಹಾಕಿ.

ಚಂದ್ರ ಕಂಡ ದಿನವೇ ಶುರು ಮಾಡಿ

ದುಲ್‌ಹಜ್ಜ್ ಚಂದ್ರ ಕಂಡ ದಿನದಿಂದ ಪೆರ್ನಾಲ್‌ಗೆ ಒಂಬತ್ತು ದಿನ ಸಿಗುತ್ತದೆ. ಉಗುರು ಕತ್ತರಿಸದೆ ಇರಲು ನೆನಪಾಗುವ ದಿನವೇ ಕತ್ತಿಯೂ ನೆನಪಾಗಲಿ. ಮೊದಲ ದಿನ ಕತ್ತಿಗಳನ್ನೆಲ್ಲ ಹೊರತೆಗೆದು ಬಿಸಿಲಿಗೆ ಹಿಡಿದು ನೋಡಿ. ಕಚ್ಚು ಬಿದ್ದದ್ದನ್ನು, ಹಿಡಿ ಸಡಿಲವಾದದ್ದನ್ನು ಬೇರೆ ಇಡಿ. ಮರುದಿನ ಅರ ಕೊಂಡು ಹಳೆಯ ಕತ್ತಿಯಲ್ಲಿ ಕೈ ಪಳಗಿಸಿ. ಐದಾರು ದಿನದೊಳಗೆ ಎಲ್ಲವನ್ನೂ ಮಸೆದು, ಒಣಬಟ್ಟೆ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅರಫಾ ದಿನ ಇನ್ನೊಮ್ಮೆ ಕಾಗದ ಹಿಡಿದು ನೋಡಿದರೆ ಆಯಿತು. ಇಷ್ಟು ಮಾಡಿಯೂ ಕೈಗೆ ಹದ ಬಾರದಿದ್ದರೆ ಸಂಕೋಚ ಬೇಡ. ಮಸೆಯಲು ಬಲ್ಲವರ ಬಳಿಗೆ ಒಯ್ಯಲು ಇನ್ನೂ ಸಮಯ ಇರುತ್ತದೆ. ಹಿಂದಿನ ದಿನ ರಾತ್ರಿ ಶುರು ಮಾಡಿದವರಿಗೆ ಆ ಸಮಯ ಇರುವುದಿಲ್ಲ.

ಆ ವರ್ಷ ಮಾಂಸ ಪಾಲು ಮಾಡಿ ಮುಗಿದ ಮೇಲೆ ಕಾಕನಿಗೆ ಸುಲೈಮಾನಿ ಕೊಡುತ್ತಾ, ಅರ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವರು ಅಂಗಡಿಯ ಹೆಸರು ಹೇಳಲಿಲ್ಲ. ಚೀಲದಿಂದ ಅರ ತೆಗೆದು ನನ್ನ ಕೈಗಿಟ್ಟು, ನಮ್ಮ ಆ ಹೊಸ ಕತ್ತಿಯನ್ನೇ ತರಿಸಿದರು. "ಮೊದಲು ಕೈ ಕಲಿಯಲಿ. ಒತ್ತಬೇಡ, ಅದರಷ್ಟಕ್ಕೆ ಹೋಗ್ಲಿ" ಎಂದು ಪಕ್ಕದಲ್ಲಿ ಕೂತರು. ಚಹಾ ತಣಿಯುವ ತನಕ ಮಸೆದೆ. ಮುಂದಿನ ವರ್ಷ ಅವರು ಬಂದಾಗ ನಾವು ಕೊಟ್ಟ ಕತ್ತಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. "ಆಡನ್ನು ತನ್ನಿ" ಎಂದರು.